ಆಟದಂಗಳದ ಕನ್ನಡ
(ಶತಮಾನೋತ್ಸವದ ವಿಚಾರಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹರೂಪ)



ಕಾಸರಗೋಡಿನ ಕನ್ನಡವೆಂದರೆ ನಮಗೆ ತಕ್ಷಣ ನೆನಪಾಗುವುದು ಕಾವ್ಯ ಮತ್ತು ಯಕ್ಷಗಾನ. ಅವುಗಳ ಕುರಿತು ಬಲ್ಲವರು ಬೆಳಗ್ಗೆಯೇ ಮಾತನಾಡಿದ್ದಾರೆ. ನಾನು ಹೇಳಹೊರಟಿರುವುದು ಆಟದಂಗಳದ ಕನ್ನಡವನ್ನು.

ಮಂಗಳೂರು ಆಕಾಶವಾಣಿ ಆರಂಭವಾದುದು 1976ರ ಡಿಸೆಂಬರಿನಲ್ಲಿ. ಆಗ ನಮ್ಮ ನೆಲ ಕೇರಳಕ್ಕೆ ಸೇರಿ ಇಪ್ಪತ್ತು ವರ್ಷಗಳಾಗಿದ್ದವು. ಅದಕ್ಕೂ ಮೊದಲು ಧಾರವಾಡ, ಭದ್ರಾವತಿ ಕೇಂದ್ರಗಳ ದನಿಯನ್ನು ಗರಗರ ಸದ್ದಿನ ನಡುವಿನಿಂದ ಹೆಕ್ಕಿಕೊಳ್ಳಬೇಕಾಗಿತ್ತು. ತಲಪಾಡಿಯ ಗೇಟು ಬಸ್ಸುಗಳನ್ನು ತಡೆದೀತು, ಬಾನುಲಿಯನ್ನು ತಡೆಯಲಾರದು. ಕ್ರಿಕೆಟ್ಟಿನ ವೀಕ್ಷಕ ವಿವರಣೆಯನ್ನು ಹಿಂದಿಯಲ್ಲೋ ಇಂಗ್ಲಿಷಿನಲ್ಲೋ ಕೇಳಿ, ಅರ್ಥವಾದಷ್ಟನ್ನು ಮರುದಿನ ಶಾಲೆಯಲ್ಲಿ ಕನ್ನಡದಲ್ಲಿ ಒದರುತ್ತಿದ್ದೆವು. ಕಾಲೇಜುಗಳ ಕಬಡ್ಡಿಯ ಬಗೆಗೆ ಎಲ್ಲಿಯಾದರೂ ಒಂದು ವಾಕ್ಯ ಬಂದರೆ ಅಂದು ನಮಗೆ ಹಬ್ಬ.

ಕಬಡ್ಡಿಯನ್ನು ಕಾಣದವನಿಗೆ ಮಾತಿನಲ್ಲಿ ಕಾಣಿಸುವುದು ಸುಲಭವಲ್ಲ. ಒಂದು ದಾಳಿಗೆ ಇರುವುದು 30 ಸೆಕೆಂಡು. ಅಷ್ಟರಲ್ಲಿ ದಾಳಿಗಾರನ ಹೆಸರು, ಅವನು ಸರಿದ ಬದಿ, ಎದುರು ಉಳಿದವರ ಸಂಖ್ಯೆ ಎಲ್ಲವೂ ಬರಬೇಕು. ಅಂಗಳದಲ್ಲಿ ಆರೋ ಏಳೋ ಮಂದಿ ಹಿಡಿತಗಾರರಿದ್ದರೆ ಮಾತ್ರ ಬೋನಸ್ ಅಂಕ. ಆ ಲೆಕ್ಕ ತಪ್ಪಿದ ವಿವರಣೆಗಾರನನ್ನು ಕೇಳುಗರು ಕ್ಷಮಿಸುವುದಿಲ್ಲ. ಕಾಲು ಹಿಡಿದರು, ಸೊಂಟ ಹಿಡಿದರು, ಗೆರೆ ಮುಟ್ಟಿದ, ನುಸುಳಿಕೊಂಡ – ಇಂತಹ ಸಣ್ಣ ಕ್ರಿಯಾಪದಗಳೇ ಅಲ್ಲಿ ಕೆಲಸಕ್ಕೆ ಬರುವುದು. ಸಂಸ್ಕೃತದ ಉದ್ದ ಸಮಾಸ ಮುಗಿಯುವುದರೊಳಗೆ ದಾಳಿಗಾರ ಮನೆ ಸೇರಿರುತ್ತಾನೆ! ವ್ಯಾಕರಣದ ಪಾಠದಲ್ಲಿ ನನಗೆ ಹತ್ತದ ಕ್ರಿಯಾಪದ ಮೈಕಿನ ಮುಂದೆ ಹತ್ತಿತು.

ಈಗ ದಾರಿಗಳು ಹೆಚ್ಚಿವೆ. 2014ರಲ್ಲಿ ಪ್ರೊ ಕಬಡ್ಡಿ ಬಂತು. 2018ರ ಕೊನೆಗೆ ಕ್ರೀಡೆಗೆಂದೇ ಒಂದು ಕನ್ನಡ ವಾಹಿನಿಯೂ ಬಂತು. ಮಂಗಳೂರಿನ ಸಂತ ಅಲೋಶಿಯಸ್ ವಿದ್ಯಾಸಂಸ್ಥೆ ತನ್ನದೇ ಸಮುದಾಯ ಬಾನುಲಿಯನ್ನು ನಡೆಸುತ್ತಿದೆ. ಖಾಸಗಿ ಎಫ್‌ಎಂ ಕೇಂದ್ರಗಳಿಗೆ ಸ್ವಂತ ವಾರ್ತೆ ಓದಲು ಅನುಮತಿ ಇಲ್ಲವಾದರೂ, ಸ್ಥಳೀಯ ಪಂದ್ಯಗಳ ನೇರ ವಿವರಣೆಗೆ 2011ರ ನೀತಿ ಅವಕಾಶ ಕೊಟ್ಟಿದೆ. ಆ ಅವಕಾಶವನ್ನು ಕೇಂದ್ರಗಳು ಚಲನಚಿತ್ರ ಗೀತೆಗಳ ನಡುವೆ ಮರೆತಂತೆ ತೋರುತ್ತದೆ.

ನನ್ನನ್ನು ಕಾಡುವುದು ಇನ್ನೊಂದು. ಇಲ್ಲಿಂದ ಹೊರಟ ಮಕ್ಕಳಲ್ಲಿ ಕೆಲವರು ಮಂಗಳೂರಿನ ಕಾಲೇಜುಗಳಿಗೆ, ಕೆಲವರು ಕಣ್ಣೂರು ವಿಶ್ವವಿದ್ಯಾನಿಲಯದ ಕಾಲೇಜುಗಳಿಗೆ ಆಡುತ್ತಾರೆ. ಅತ್ತ ಅವರು ಬರಿಯ ಕಾಲೇಜಿನ ಆಟಗಾರರು, ಊರಿನ ಹೆಸರು ಬರುವುದೇ ಇಲ್ಲ. ಇತ್ತ ಊರಿನ ಹೆಸರು ಬಂದರೂ ಮಂಜೇಶ್ವರ ಮಂಜೇಶ್ವರಂ ಆಗಿರುತ್ತದೆ, ಕುಂಬಳೆ ಕುಂಬಳವಾಗಿರುತ್ತದೆ. ಮಲೆಯಾಳದ ವಿವರಣೆಗಾರರನ್ನು ನಾನು ದೂರುವುದಿಲ್ಲ, ಅವರು ತಮ್ಮ ನುಡಿಯಲ್ಲಿ ಚೆನ್ನಾಗಿಯೇ ಹೇಳುತ್ತಾರೆ. ನಮ್ಮ ನುಡಿಯಲ್ಲಿ ಹೇಳಲು ನಾವು ಯಾರನ್ನೂ ಸಿದ್ಧಪಡಿಸಿಲ್ಲ. ಕಳೆದ ವರ್ಷ ಕೇಬಲ್ ವಾಹಿನಿಯಲ್ಲಿ ಒಂದು ಅಂತರ ಕಾಲೇಜು ಪಂದ್ಯ ನೋಡುತ್ತಿದ್ದಾಗ, ಪಕ್ಕದಲ್ಲಿ ಕುಳಿತಿದ್ದ ಆಟಗಾರನ ಅಜ್ಜಿ, “ಇವರು ನಮ್ಮ ಮಾಣಿಯ ಬಗ್ಗೆ ಏನು ಹೇಳುತ್ತಿದ್ದಾರೆ ಮಗಾ?” ಎಂದು ಕೇಳಿದರು. ನಾನು ಪಂದ್ಯ ಮುಗಿಯುವವರೆಗೂ ಅವರಿಗೆ ಕನ್ನಡದಲ್ಲಿ ಹೇಳುತ್ತಾ ಹೋದೆ. ನನ್ನ ಬದುಕಿನ ಅತ್ಯುತ್ತಮ ವಿವರಣೆಗೆ ಇದ್ದುದು ಒಬ್ಬರೇ ಕೇಳುಗರು.

ಆದುದರಿಂದ ಮುಖ್ಯೋಪಾಧ್ಯಾಯರಲ್ಲಿ ನನ್ನದೊಂದು ಬೇಡಿಕೆ. ಬರುವ ವಾರ್ಷಿಕ ಕ್ರೀಡಾಕೂಟದಲ್ಲಿ ಧ್ವನಿವರ್ಧಕವನ್ನು ಹಿರಿಯರ ಭಾಷಣಕ್ಕೆ ಮೀಸಲಿಡದೆ, ಪಂದ್ಯ ನಡೆಯುವಷ್ಟು ಹೊತ್ತು ಹತ್ತನೆಯ ತರಗತಿಯ ಒಬ್ಬ ಹುಡುಗ, ಒಬ್ಬಳು ಹುಡುಗಿಗೆ ಬಿಟ್ಟುಕೊಡಿ. ಪ್ರತಿಯೊಬ್ಬ ಆಟಗಾರನ ಹೆಸರನ್ನೂ ಊರನ್ನೂ ಅವರು ಮೊದಲೇ ಬರೆದುಕೊಂಡಿರಲಿ. ಮಾತನ್ನು ಮೊಬೈಲಿನಲ್ಲಿ ಧ್ವನಿಮುದ್ರಿಸಿ ಶಾಲೆಯಲ್ಲಿ ಉಳಿಸಿಕೊಳ್ಳಿ. ಅಭ್ಯಾಸ ಮಾಡಿಸಲು ಶನಿವಾರ ಮಧ್ಯಾಹ್ನ ನಾನು ಬರುತ್ತೇನೆ. ಬಸ್ಸಿನ ಖರ್ಚನ್ನೂ ಕೇಳುವುದಿಲ್ಲ.