ಅನುದಾನ ಕೊನೆಯ ಹೊಲಕ್ಕೆ ತಲುಪಿದೆಯೇ?



ಒಂದು ಪ್ರದೇಶ ಹಿಂದುಳಿಯುವುದು ಅಲ್ಲಿನ ಜನರ ಸೋಮಾರಿತನದಿಂದಲ್ಲ. ಸರಕಾರದ ಬಂಡವಾಳ ಎಲ್ಲಿ ಮೊದಲು ಹರಿಯಿತೋ ಅಲ್ಲಿಗೆ ಖಾಸಗಿ ಬಂಡವಾಳವೂ ಹಿಂಬಾಲಿಸಿತು. ಎಲ್ಲಿ ಹರಿಯಲಿಲ್ಲವೋ ಅಲ್ಲಿನ ಯುವಕರು ಗಂಟುಮೂಟೆ ಕಟ್ಟಿ ಬೆಂಗಳೂರು, ಮುಂಬೈಗಳಿಗೆ ಗುಳೆ ಹೋದರು. ಕಲ್ಯಾಣ ಕರ್ನಾಟಕದ ಚರಿತ್ರೆಯೇ ಇದಕ್ಕೆ ಸಾಕ್ಷಿ.

1953ರಲ್ಲಿ ತುಂಗಭದ್ರಾ ಅಣೆಕಟ್ಟು ಪೂರ್ಣಗೊಂಡಿತು. ಕಾಲುವೆಯ ನೀರು ಬಂದ ಗಂಗಾವತಿ, ಸಿಂಧನೂರುಗಳ ಒಣಭೂಮಿ ಭತ್ತದ ಕಣಜವಾಯಿತು. ಅದರ ಹಿಂದೆಯೇ ಅಕ್ಕಿ ಗಿರಣಿಗಳು, ಗೊಬ್ಬರದ ಅಂಗಡಿಗಳು, ಲಾರಿಗಳು, ಬ್ಯಾಂಕುಗಳು ಬಂದವು. ಅಣೆಕಟ್ಟು ಕಟ್ಟಲು ಯಾವ ಉದ್ಯಮಿಯೂ ಮುಂದಾಗಿರಲಿಲ್ಲ. ಕಟ್ಟಿದ ಮೇಲೆ ಕರೆಯದೆಯೇ ಬಂದರು. ಆದರೆ ಅದೇ ಎಡದಂಡೆ ಕಾಲುವೆಯ ಕೊನೆಭಾಗದ ಮಾನ್ವಿ, ರಾಯಚೂರು ತಾಲೂಕುಗಳ ರೈತರು ತಮ್ಮ ಪಾಲಿನ ನೀರಿಗಾಗಿ ಮತ್ತೆ ಮತ್ತೆ ಬೀದಿಗಿಳಿಯಬೇಕಾಯಿತು. ಮೇಲ್ಭಾಗದಲ್ಲಿ ನಿಗದಿಗಿಂತ ಹೆಚ್ಚು ಭತ್ತ ಬೆಳೆಯಲಾಯಿತು, ಅಕ್ರಮವಾಗಿ ನೀರೆತ್ತಲಾಯಿತು, ಜಲಾಶಯದಲ್ಲಿ ಹೂಳೂ ತುಂಬಿತು. ಹೂಡಿಕೆ ಒಂದೇ, ಫಲ ಮಾತ್ರ ಎಲ್ಲರಿಗೂ ಒಂದೇ ಆಗಲಿಲ್ಲ.

ಡಾ. ಡಿ.ಎಂ. ನಂಜುಂಡಪ್ಪ ಸಮಿತಿಯು 2002ರಲ್ಲಿ ರಾಜ್ಯದ 175 ತಾಲೂಕುಗಳ ಪೈಕಿ 114ನ್ನು ಹಿಂದುಳಿದವೆಂದು ಗುರುತಿಸಿತು. ಅತ್ಯಂತ ಹಿಂದುಳಿದ 39ರಲ್ಲಿ 21 ಕಲಬುರಗಿ ವಿಭಾಗದವು. ಎಂಟು ವರ್ಷಗಳಲ್ಲಿ 31,000 ಕೋಟಿ ರೂಪಾಯಿಯ ಯೋಜನೆಯನ್ನೂ ಸಮಿತಿ ಮುಂದಿಟ್ಟಿತು. ಬಳಿಕ ಸಂವಿಧಾನಕ್ಕೆ 371(ಜೆ) ವಿಧಿ ಸೇರಿತು, ಅಭಿವೃದ್ಧಿ ಮಂಡಳಿ ಬಂತು. 2023-24ರ ಬಜೆಟ್ಟಿನಲ್ಲಿ ಮಂಡಳಿಗೆ 5,000 ಕೋಟಿ ಘೋಷಿಸಲಾಯಿತು. ಇವೆಲ್ಲ ಸ್ವಾಗತಾರ್ಹ. ಆದರೆ ಘೋಷಣೆಯೇ ಹೂಡಿಕೆಯಲ್ಲ. ಬಿಡುಗಡೆಯಾದ ಹಣವೆಷ್ಟು, ಖರ್ಚಾದುದೆಷ್ಟು, ಅದರಿಂದ ಜನರಿಗೆ ದಕ್ಕಿದುದೇನು ಎಂಬ ಮೂರೂ ಲೆಕ್ಕಗಳು ಬೇಕು.

2011ರ ಜನಗಣತಿಯಲ್ಲಿ ರಾಜ್ಯದ ಸಾಕ್ಷರತೆ ಶೇ. 75 ದಾಟಿತ್ತು, ಯಾದಗಿರಿಯದು ಶೇ. 52ನ್ನೂ ಮುಟ್ಟಿರಲಿಲ್ಲ. ಶಾಲೆಯ ಕೊಠಡಿ ಕಟ್ಟಲು ಒಂದು ಸಲದ ಅನುದಾನ ಸಾಕು. ಶಿಕ್ಷಕರನ್ನು ನೇಮಿಸಲು ಪ್ರತಿ ತಿಂಗಳ ಹೊಣೆ ಹೊರಬೇಕು. ಕೊಠಡಿಗೆ ಗುತ್ತಿಗೆದಾರನಿದ್ದಾನೆ, ಉದ್ಘಾಟನೆಯಿದೆ, ನಾಮಫಲಕವಿದೆ. ಶಿಕ್ಷಕನ ನೇಮಕಾತಿಗೆ ಇವಾವುವೂ ಇಲ್ಲ. ಆದುದರಿಂದಲೇ ರಾಜಕಾರಣಕ್ಕೆ ಸಿಮೆಂಟಿನ ಮೇಲೆ ಅಷ್ಟು ಪ್ರೀತಿ! ಅಕ್ಷರ ಕಲಿಯದ ಮಗು ನಾಳೆ ಹೊಸ ರಸ್ತೆಯಲ್ಲೇ ಗುಳೆ ಹೋಗುತ್ತದೆ.

ಚುನಾವಣೆ ಬಂದಾಗ ಭಾವನಾತ್ಮಕ ವಿಷಯಗಳು ವೇದಿಕೆಯೇರುತ್ತವೆ. ನೀರು, ಶಾಲೆ, ಆಸ್ಪತ್ರೆ ಕೆಳಗಿಳಿಯುತ್ತವೆ. ಇದಕ್ಕೆ ನಾವು ಅವಕಾಶ ಕೊಡಬಾರದು. ಎಷ್ಟು ಕೋಟಿ ಬಂತೆಂದು ಕೇಳಿ ತೃಪ್ತರಾಗದೆ, ಅದು ಕಾಲುವೆಯ ಕೊನೆಯ ಹೊಲಕ್ಕೂ ಕೊನೆಯ ಬೆಂಚಿನ ಮಗುವಿಗೂ ತಲುಪಿತೇ ಎಂದು ಪ್ರತಿ ಗ್ರಾಮಸಭೆಯಲ್ಲೂ ಕೇಳೋಣ. ಕೇಳುವುದು ನಮ್ಮ ಹಕ್ಕು ಮಾತ್ರವಲ್ಲ, ಕರ್ತವ್ಯವೂ ಹೌದು.