ಕಾಯುವ ಕೂಲಿಯಲ್ಲ, ನೆಲವಳಿ



ಅರಸೀಕೆರೆ ಸೀಮೆಯ ನಮ್ಮೂರ ಸಂತೆಯಲ್ಲಿ ನನ್ನ ಅಜ್ಜ ಗೋಣಿತಟ್ಟು ಹಾಸಿ ಹಗ್ಗ, ಕಣ್ಣಿ, ಮೂಗುದಾರ ಮಾರುತ್ತಿದ್ದರು. ಹೊತ್ತೇರುವ ಮುಂಚೆ ಸಂತೆ ಹರಾಜು ಹಿಡಿದವನ ಕಡೆಯ ಹುಡುಗ ಬಂದು ಚೀಟಿ ಹರಿದು ಕೊಡುತ್ತಿದ್ದ. ಅದಕ್ಕೆ ನೆಲವಳಿ ಎನ್ನುತ್ತಿದ್ದರು. ವ್ಯಾಪಾರ ಆಗಲಿ ಬಿಡಲಿ, ಕೂತ ನೆಲಕ್ಕೆ ಕೊಡಬೇಕು. ಹೆಚ್ಚು ನೆಲ ಹಿಡಿದವರು ಹೆಚ್ಚು ಕೊಡಬೇಕು. ‘ನನ್ನ ಸಾಮಾನು ಕಾಯ್ತೀಯೇನಪ್ಪ’ ಎಂದು ಅಜ್ಜ ಆ ಹುಡುಗನನ್ನು ಒಂದು ದಿನವೂ ಕೇಳಿದವರಲ್ಲ.

ಬೆಂಗಳೂರಿನಲ್ಲಿ ಚೀಟಿ ಹಿಡಿದು ಬಂದ ಹುಡುಗನನ್ನು ಕಾರಿನವರು ಕೇಳುವುದೇ ಅದನ್ನು. ‘ಗಾಡಿಗೆ ಏನಾದ್ರೂ ಆದ್ರೆ ನೀನು ನೋಡ್ಕೋತೀಯಾ?’ ರಸೀದಿ ತಿರುಗಿಸಿದರೆ ‘ವಾಹನಕ್ಕೆ ಮಾಲೀಕರೇ ಜವಾಬ್ದಾರರು’ ಎಂದಿರುತ್ತದೆ. ಮತ್ತೆ ದುಡ್ಡು ಯಾತಕ್ಕೆ? ಕೇಳುವವರ ಸಿಟ್ಟು ನ್ಯಾಯವಾದದ್ದು. ನಿಲುಗಡೆ ಶುಲ್ಕ ಎಂದರೆ ಕಾಯುವ ಕೂಲಿ ಎಂದು ಅವರು ತಿಳಿದಿದ್ದಾರೆ. ಅದು ನೆಲದ ಬಾಡಿಗೆ ಎಂದು ಅವರಿಗೆ ಹೇಳಬೇಕಿದ್ದವರು ನಾವು, ನಗರ ಸಾರಿಗೆ ಶಾಸ್ತ್ರದವರು. ನಾವು ಹೇಳಲಿಲ್ಲ.

ನಾವು ಮಾಡಿದ್ದು ಎಣಿಕೆ. ಬೀದಿಗೆ ಇಷ್ಟು ಕಾರು, ಇಷ್ಟು ಸ್ಕೂಟರ್, ಜಾಗ ಇಷ್ಟು, ಕೊರತೆ ಇಷ್ಟು. ಕೊರತೆ ಎಂದು ಬರೆದ ಮೇಲೆ ಅದನ್ನು ತುಂಬಲು ಮಹಡಿ ಕಟ್ಟಲೇಬೇಕು. ಫ್ರೀಡಂ ಪಾರ್ಕ್ ಬಳಿಯ ಬಹುಮಹಡಿ ವಾಹನ ನಿಲುಗಡೆ ತಾಣ 2024ರಲ್ಲಿ ತೆರೆಯಿತು. ಅಂಥ ಕಟ್ಟಡಗಳ ಬಗ್ಗೆ ನನಗೆ ತಕರಾರಿಲ್ಲ. ಆದರೆ ಕೆಳಗೆ ರಸ್ತೆಯಂಚು ಪುಕ್ಕಟೆ ಸಿಗುವಾಗ ದುಡ್ಡು ಕೊಟ್ಟು ಮೂರನೇ ಮಹಡಿ ಹತ್ತುವವರು ಯಾರು? ಪುಕ್ಕಟೆ ಸಿಗುವ ಯಾವ ವಸ್ತುವಿನ ಕೊರತೆಯೂ ತೀರುವುದಿಲ್ಲ.

ಇದು ಹೊಸ ಮಾತಲ್ಲ. ರಸ್ತೆಯಂಚಿಗೆ ಬೇಡಿಕೆಗೆ ತಕ್ಕ ಬೆಲೆ ಇರಬೇಕೆಂದು ಅರ್ಥಶಾಸ್ತ್ರಜ್ಞ ವಿಲಿಯಂ ವಿಕ್ರಿ 1954ರಲ್ಲೇ ಬರೆದರು. ಪುಕ್ಕಟೆ ನಿಲುಗಡೆಯ ನಿಜವಾದ ಖರ್ಚನ್ನು ನಗರ ಯೋಜನೆಯ ಪ್ರಾಧ್ಯಾಪಕ ಡೊನಾಲ್ಡ್ ಶೂಪ್ 2005ರಲ್ಲಿ ದೊಡ್ಡ ಗ್ರಂಥದಲ್ಲೇ ಬಿಚ್ಚಿಟ್ಟರು. 2025ರಲ್ಲಿ ಅವರು ತೀರಿಕೊಂಡರು, ಈ ಸಭೆಯಿಂದ ಅವರಿಗೆ ನಮಸ್ಕಾರ. ನಮ್ಮ 2006ರ ರಾಷ್ಟ್ರೀಯ ನಗರ ಸಾರಿಗೆ ನೀತಿಯೂ ನಿಲುಗಡೆ ಶುಲ್ಕದಲ್ಲಿ ನೆಲದ ಬೆಲೆ ಕಾಣಬೇಕು ಎನ್ನುತ್ತದೆ. ಬೆಂಗಳೂರಿನ ನಿಲುಗಡೆ ನೀತಿಗೆ 2021ರಲ್ಲಿ ಒಪ್ಪಿಗೆ ಸಿಕ್ಕಿತು. ಅದಕ್ಕಾಗಿ ದುಡಿದವರು ಮೊದಲ ಸಾಲಿನಲ್ಲೇ ಕೂತಿದ್ದಾರೆ, ಅದರ ಒಳಹೊರಗನ್ನು ಮಧ್ಯಾಹ್ನದ ಗೋಷ್ಠಿಯಲ್ಲಿ ನನಗಿಂತ ಚೆನ್ನಾಗಿ ಹೇಳುತ್ತಾರೆ. ನಾನು ಅವರ ಸಮಯ ತಿನ್ನುವುದಿಲ್ಲ.

ಬಾಡಿಗೆ ಎಂದ ಕೂಡಲೇ, ಕೊಟ್ಟವರಿಗೆ ಆ ನೆಲದ ಮೇಲೆ ಏನು ಹಕ್ಕು ಎಂದು ಏಳುವ ಪ್ರಶ್ನೆಯೇ ನನ್ನನ್ನು ಬಹಳ ವರ್ಷದಿಂದ ಕಾಡುತ್ತಿರುವುದು. ಸುಮಾರು 2009ರಲ್ಲಿ ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಗಾಂಧಿ ಬಜಾರಿನಲ್ಲಿ ನಿಲುಗಡೆ ಸಮೀಕ್ಷೆ ಮಾಡುತ್ತಿದ್ದೆ. ಟೇಪು ಹಿಡಿದು ನಿಂತ ಕಾರುಗಳ ಜಾಗ ಅಳೆಯುತ್ತಿದ್ದೆವು. ಎರಡು ಕಾರಿನ ನಡುವೆ ಸೇವಂತಿಗೆ, ಕನಕಾಂಬರದ ಬುಟ್ಟಿ ಇಟ್ಟುಕೊಂಡು ಕೂತಿದ್ದ ತಾಯಿಯೊಬ್ಬರು, ‘ಸ್ವಾಮಿ, ಎಲ್ಲಾ ಅಳೀತಿದ್ದೀರಿ, ನನ್ನ ಬುಟ್ಟೀನೂ ಅಳೀರಿ’ ಎಂದರು. ವಿದ್ಯಾರ್ಥಿ ನಮೂನೆ ನೋಡಿದ. ಕಾರು, ದ್ವಿಚಕ್ರ, ಆಟೊ, ಸರಕು ವಾಹನ. ಬುಟ್ಟಿಗೆ ಕಾಲಂ ಇರಲಿಲ್ಲ. ಆ ನಮೂನೆ ತಯಾರಿಸಿದವನು ನಾನು.

ಅವತ್ತು ರಾತ್ರಿ ಲೆಕ್ಕ ಹಾಕಿದೆ. ಅಂಚಿಗೆ ಸಾಲಾಗಿ ನಿಂತ ಕಾರಿಗೆ ಐದು ಮೀಟರ್ ಉದ್ದ, ಎರಡೂವರೆ ಮೀಟರ್ ಅಗಲ ಹಿಡಿಯುತ್ತೇವೆ, ಅಂದರೆ 12.5 ಚದರ ಮೀಟರ್. ಬುಟ್ಟಿ, ಮಣೆ, ನೀರಿನ ಕೊಡ ಎಲ್ಲ ಸೇರಿ ಆಕೆಯದು ಒಂದು ಚದರ ಮೀಟರ್. ಕಾರಿಗೆ ಗಂಟೆಗೆ 30 ರೂಪಾಯಿ ಎಂದಿಟ್ಟುಕೊಳ್ಳಿ. ಹನ್ನೆರಡು ಗಂಟೆಗೆ ಕಾರಿನ ನೆಲವಳಿ 360 ರೂಪಾಯಿ, ಅದೇ ದರದಲ್ಲಿ ಹೂವಿನವರದು 29. ಕಾರಿನವರು ಏನೂ ಕೊಡುತ್ತಿರಲಿಲ್ಲ. ಆಕೆ ದಿನಾ ಸಂಜೆ ಬಂದವರ ಕೈಗೆ 50 ರೂಪಾಯಿ ಕೊಡುತ್ತಿದ್ದರು, ರಸೀದಿ ಇಲ್ಲದೆ. ಆದರೂ ಪಾಲಿಕೆಯ ತೆರವು ಲಾರಿ ಬಂದ ದಿನ ಎಬ್ಬಿಸುತ್ತಿದ್ದದ್ದು ಅವರನ್ನೇ.

ಬೆಲೆ ಎಷ್ಟಿರಬೇಕು ಎಂಬುದಕ್ಕೆ ಶೂಪ್ ಅವರ ಉತ್ತರವಿದೆ: ಬೀದಿಯಲ್ಲಿ ಯಾವಾಗಲೂ ಒಂದೆರಡು ಜಾಗ ಖಾಲಿ ಉಳಿಯುವಷ್ಟು. ದುಡ್ಡು ಎಲ್ಲಿಗೆ ಹೋಗಬೇಕು ಎಂಬುದಕ್ಕೂ ಕ್ಯಾಲಿಫೋರ್ನಿಯಾದ ಪಾಸಡೀನಾ ಉತ್ತರ ಕೊಟ್ಟಿತು. ಅಲ್ಲಿನ ಹಳೇಪೇಟೆಯಲ್ಲಿ 1993ರಲ್ಲಿ ಮೀಟರ್ ಹಾಕಿದಾಗ, ಬಂದ ಹಣ ಅದೇ ಬೀದಿಗಳ ಕಾಲುದಾರಿಗೆ, ದೀಪಕ್ಕೆ, ಸ್ವಚ್ಛತೆಗೆ ಎಂದು ಮಾತು ಕೊಟ್ಟರು. ಮೊದಲು ವಿರೋಧಿಸಿದ ಅಂಗಡಿಯವರೇ ಒಪ್ಪಿಕೊಂಡರು. ಈ ಎರಡನ್ನೂ ನಾನು ಮನಸಾರೆ ಒಪ್ಪುತ್ತೇನೆ. ಆದರೆ ಅಲ್ಲಿ ಎರಡು ಕಾರಿನ ನಡುವೆ ಕೂತು ಹೂವು ಮಾರುವವರು ಇರಲಿಲ್ಲ.

 

29 ರೂಪಾಯಿಯ ಲೆಕ್ಕವನ್ನು ಸಮೀಕ್ಷೆಯ ಮುಂದಿನ ವಾರ ಗಾಂಧಿ ಬಜಾರಿನ ಆ ತಾಯಿಗೆ ಹೇಳಿದೆ. ‘ಅಷ್ಟು ಕೊಟ್ರೆ ಎಬ್ಬಿಸಲ್ವಾ?’ ಎಂದರು.

ನನ್ನಲ್ಲಿ ಉತ್ತರವಿರಲಿಲ್ಲ, ಇವತ್ತಿಗೂ ಪೂರ್ತಿ ಇಲ್ಲ. ಬಾಡಿಗೆ ಕೊಟ್ಟವರಿಗೆ ಅಷ್ಟು ಹೊತ್ತಿನ ಹಕ್ಕು ಇರಬೇಕು. ಸಂತೆಯಲ್ಲಿ ಅಜ್ಜನ ಚೀಟಿ ಸಂಜೆಯವರೆಗೂ ನಡೆಯುತ್ತಿತ್ತು. ಆದರೆ ಬೇಡಿಕೆಗೆ ತಕ್ಕಂತೆ ಬೆಲೆ ಏರಿಸುತ್ತಾ ಹೋದರೆ ಹಬ್ಬದ ಹಿಂದಿನ ದಿನ, ಅಂದರೆ ಆಕೆಗೆ ನಾಲ್ಕು ಕಾಸು ಹುಟ್ಟುವ ದಿನವೇ, ಆ ನೆಲ ಆಕೆಯ ಕೈಗೆಟುಕುವುದಿಲ್ಲ. ಬುಟ್ಟಿಗೆ ಬೇರೆ ದರ ಇಡೋಣವೆಂದರೆ ಯಾವ ತತ್ವದ ಮೇಲೆ? 2014ರಲ್ಲಿ ಬೀದಿ ವ್ಯಾಪಾರಿಗಳ ಕಾಯ್ದೆ ಬಂತು. ಪ್ರಮಾಣಪತ್ರ, ಶುಲ್ಕ, ವ್ಯಾಪಾರದ ವಲಯ ಎಲ್ಲವೂ ಅದರಲ್ಲಿವೆ. ಆದರೆ ಅದನ್ನು ಓದುವವರು ಒಂದು ಕೊಠಡಿಯಲ್ಲಿ, ನಿಲುಗಡೆಯ ನಕ್ಷೆ ಬರೆಯುವವರು ಇನ್ನೊಂದು ಕೊಠಡಿಯಲ್ಲಿ. ಒಂದೇ ರಸ್ತೆಯಂಚಿಗೆ ಎರಡು ಲೆಕ್ಕದ ಪುಸ್ತಕ. ಬೆಂಗಳೂರಿನ ಪಾಲಿಕೆ ಈಗ ಐದಾಗಿದೆ. ಪುಸ್ತಕ ಹತ್ತಾಗಬಾರದು ಎಂದು ಸಭೆಯಲ್ಲಿರುವ ಅಧಿಕಾರಿಗಳಲ್ಲಿ ಕೈಮುಗಿದು ಕೇಳಿಕೊಳ್ಳುತ್ತೇನೆ.

ನಿಮ್ಮ ಫೈಲಿನಲ್ಲಿ ನಾಳೆಯ ಕ್ಷೇತ್ರ ಸಮೀಕ್ಷೆಯ ನಮೂನೆ ಇದೆ. ಸಂಘಟಕರ ಅನುಮತಿ ಪಡೆದು ‘ಸರಕು ವಾಹನ’ದ ಪಕ್ಕ ಮೂರು ಕಾಲಂ ಸೇರಿಸಿದ್ದೇನೆ: ಬುಟ್ಟಿ, ತಳ್ಳುಗಾಡಿ, ಕೊಟ್ಟ ಹಣ. ಬೆಳಿಗ್ಗೆ ಏಳಕ್ಕೆ ಬಸ್ಸು ಹೊರಡುತ್ತದೆ. ಟೇಪು ತನ್ನಿ.