ಎಣ್ಣೆಯ ಹಣ, ಸೇನೆಯ ಖರ್ಚು: ಚಾಡ್ ದೇಶದ ಲೆಕ್ಕ



ಸೇನಾ ವೆಚ್ಚದ ಮಾತು ಬಂದಾಗ ನಮ್ಮ ಕೈ ಮೊದಲು ಹೋಗುವುದು ಜಿಡಿಪಿಯ ಶೇಕಡಾವಾರು ಪಟ್ಟಿಯ ಕಡೆಗೆ. ಚಾಡ್ ದೇಶದ ಮಟ್ಟಿಗೆ ಆ ಪಟ್ಟಿಗಿಂತ ಮೊದಲು ಒಂದು ಕಾನೂನನ್ನು ಓದಬೇಕು ಎಂಬುದು ನನ್ನ ವಿನಂತಿ.

ದಕ್ಷಿಣದ ದೋಬಾ ಪ್ರದೇಶದ ಎಣ್ಣೆಯನ್ನು ಕ್ಯಾಮರೂನಿನ ಕ್ರಿಬಿ ಕರಾವಳಿಗೆ ಸಾಗಿಸಲು ಸಾವಿರ ಕಿಲೋಮೀಟರಿಗೂ ಹೆಚ್ಚು ಉದ್ದದ ಕೊಳವೆಮಾರ್ಗ ಬೇಕಿತ್ತು. ಅದಕ್ಕೆ ವಿಶ್ವಬ್ಯಾಂಕ್ ಬೆಂಬಲ ಕೊಟ್ಟಿತು. ಪ್ರತಿಯಾಗಿ 1999ರಲ್ಲಿ ಚಾಡ್ ಒಂದು ಆದಾಯ ನಿರ್ವಹಣಾ ಕಾನೂನು ಮಾಡಿತು. ಶೇ. 10ರಷ್ಟು ಹಣ ಮುಂದಿನ ಪೀಳಿಗೆಯ ನಿಧಿಗೆ. ಉಳಿದುದರಲ್ಲಿ ಬಹುಪಾಲು ಶಿಕ್ಷಣ, ಆರೋಗ್ಯ, ಗ್ರಾಮೀಣಾಭಿವೃದ್ಧಿಯಂಥ ಆದ್ಯತೆಯ ವಲಯಗಳಿಗೆ. ಮೇಲ್ವಿಚಾರಣೆಗೆ ನಾಗರಿಕ ಸಂಘಟನೆಗಳ ಪ್ರತಿನಿಧಿಗಳೂ ಇದ್ದ ಸಮಿತಿ. ಜಗತ್ತೇ ಇದನ್ನು ಮಾದರಿ ಎಂದು ಕೊಂಡಾಡಿತು. ಆದರೆ 2000ದಲ್ಲಿ ಎಣ್ಣೆ ಕಂಪನಿಗಳಿಂದ ಬಂದ 2.5 ಕೋಟಿ ಡಾಲರ್ ಬೋನಸ್ಸಿನ ಒಂದು ಭಾಗ ಆಗಲೇ ಶಸ್ತ್ರಾಸ್ತ್ರಕ್ಕೆ ಹೋಗಿತ್ತು, ಎಣ್ಣೆ ಹರಿಯುವುದಕ್ಕೂ ಮೊದಲೇ!

2003ರಲ್ಲಿ ರಫ್ತು ಶುರುವಾಯಿತು. 2005ರ ಡಿಸೆಂಬರಿನಲ್ಲಿ ಬಂಡುಕೋರರು ಸುಡಾನ್ ಗಡಿಯ ಆದ್ರೆ ಪಟ್ಟಣದ ಮೇಲೆ ದಾಳಿ ಮಾಡಿದರು. ಅದೇ ತಿಂಗಳ ಕೊನೆಯಲ್ಲಿ ಸಂಸತ್ತು ಕಾನೂನನ್ನು ತಿದ್ದಿ ಪೀಳಿಗೆಯ ನಿಧಿಯನ್ನು ರದ್ದುಮಾಡಿತು, ಆದ್ಯತೆಯ ವಲಯಗಳ ಸಾಲಿಗೆ ಭದ್ರತೆಯನ್ನು ಸೇರಿಸಿತು. ವಿಶ್ವಬ್ಯಾಂಕ್ ಸಾಲ ತಡೆಹಿಡಿಯಿತು, ರಾಜಿ ಮಾಡಿಕೊಂಡಿತು, ಕೊನೆಗೆ 2008ರಲ್ಲಿ ಚಾಡ್ ಸಾಲವನ್ನು ಅವಧಿಗೆ ಮೊದಲೇ ತೀರಿಸಿದಾಗ ಯೋಜನೆಯಿಂದ ಹೊರನಡೆಯಿತು. ಈ ವರ್ಷಗಳಲ್ಲೇ ಸೇನಾ ವೆಚ್ಚದ ರೇಖೆ ಕಡಿದಾಗಿ ಮೇಲೇರುತ್ತದೆ. ಉಕ್ರೇನಿನಿಂದ ಸುಖೋಯ್-25 ವಿಮಾನಗಳು ಬಂದದ್ದೂ ಆಗಲೇ.

ಅಪಾಯ ಕಲ್ಪಿತವಾಗಿರಲಿಲ್ಲ ಎಂಬುದನ್ನೂ ಒತ್ತಿ ಹೇಳಬೇಕು. 2006ರ ಏಪ್ರಿಲಿನಲ್ಲಿ ಬಂಡುಕೋರರು ರಾಜಧಾನಿ ಎನ್‌ಜಮೇನಾಕ್ಕೆ ನುಗ್ಗಿದರು. 2008ರ ಫೆಬ್ರವರಿಯಲ್ಲಿ ಅಧ್ಯಕ್ಷರ ಅರಮನೆಯನ್ನೇ ಸುತ್ತುವರಿದರು. ಆದರೆ ಕೊಂಡ ಶಸ್ತ್ರ ಕಾಯ್ದದ್ದು ದೇಶವನ್ನೋ, ಅಧ್ಯಕ್ಷ ಇದ್ರಿಸ್ ಡೆಬಿಯವರ ಅಧಿಕಾರವನ್ನೋ? ಅತ್ಯುತ್ತಮ ಉಪಕರಣ ಅಧ್ಯಕ್ಷರ ಸುತ್ತಲಿನ ಗಣ್ಯ ಪಡೆಗೇ ಸಲ್ಲುತ್ತಿದ್ದಾಗ ಈ ಪ್ರಶ್ನೆಯಿಂದ ತಪ್ಪಿಸಿಕೊಳ್ಳುವಂತಿಲ್ಲ.

ಶೇಕಡಾವಾರಿನ ತೊಡಕು ಇಲ್ಲಿದೆ. ಎಣ್ಣೆಯ ಬೆಲೆ ಏರಿದರೆ ಜಿಡಿಪಿ ಉಬ್ಬುತ್ತದೆ, ಸೇನೆಯ ಪಾಲು ತಗ್ಗಿದಂತೆ ಕಾಣುತ್ತದೆ. ಬೆಲೆ ಬಿದ್ದರೆ ತದ್ವಿರುದ್ಧ. ಬಜೆಟ್ಟಿನ ಹೊರಗೆ ನಡೆದ ಖರೀದಿಗಳಂತೂ ಯಾವ ಪಟ್ಟಿಗೂ ಪೂರ್ತಿ ಸಿಗುವುದಿಲ್ಲ. 2014ರ ಬೆಲೆ ಕುಸಿತದ ನಂತರ, 2016ರಲ್ಲಿ, ಸರ್ಕಾರಿ ನೌಕರರ ಭತ್ಯೆ ಅರ್ಧಕ್ಕಿಳಿಯಿತು. ಮುಷ್ಕರಗಳು ಶಾಲೆ, ಆಸ್ಪತ್ರೆಗಳನ್ನು ಮುಚ್ಚಿಸಿದವು. ಅದೇ ಹೊತ್ತಿಗೆ ಚಾಡ್ ಸೈನಿಕರು ಮಾಲಿಯಲ್ಲೂ ಚಾಡ್ ಸರೋವರದ ದಂಡೆಯಲ್ಲೂ ಕಾದಾಡುತ್ತಿದ್ದರು. ಹೊರಗಿನ ಮಿತ್ರರಾಷ್ಟ್ರಗಳಿಗೆ ಆ ಸೇನೆ ಬೇಕಿತ್ತು. ನೌಕರರ ಸಂಬಳ ಅವರ ಚಿಂತೆಯಾಗಿರಲಿಲ್ಲ. ಇದು ನನ್ನನ್ನು ಇಂದಿಗೂ ಕಾಡುವ ಅನ್ಯಾಯ.

2021ರಲ್ಲಿ ಡೆಬಿ ಮೃತರಾದರು, ಮಗ ಮಹಮತ್ ಅಧಿಕಾರಕ್ಕೆ ಬಂದರು. 2025ರ ಜನವರಿಯಲ್ಲಿ, ಚಾಡ್‌ನಲ್ಲಿ ನೆಲೆಸಿದ್ದ ಫ್ರೆಂಚ್ ಪಡೆಗಳು ತೆರಳಿದವು. ಆ ಜಾಗ ತುಂಬುವ ವೆಚ್ಚ ಯಾರ ಲೆಕ್ಕದಲ್ಲಿ ಬರೆಯಲ್ಪಡುತ್ತದೆ ಎಂಬುದನ್ನು ನಾಳಿನ ಗೋಷ್ಠಿ ಪರಿಶೀಲಿಸಲಿ.

ಇಂದಿನ ಮೊದಲ ಗೋಷ್ಠಿಗೆ ನನ್ನದೊಂದು ಕೋರಿಕೆ. 1999ರ ಕಾನೂನು ಹಿಡಿದಿಟ್ಟದ್ದು ಮೂರು ಮೂಲ ಎಣ್ಣೆಬಾವಿ ಕ್ಷೇತ್ರಗಳ ರಾಯಧನ, ಲಾಭಾಂಶಗಳನ್ನು ಮಾತ್ರ. ಕಂಪನಿಗಳ ಆದಾಯ ತೆರಿಗೆ, ಹೊಸ ಕ್ಷೇತ್ರಗಳ ಗಳಿಕೆ ಅದರ ವ್ಯಾಪ್ತಿಗೆ ಬರಲೇ ಇಲ್ಲ. ತಿದ್ದುಪಡಿಗಿಂತ ಮೊದಲೇ ತೆರೆದಿದ್ದ ಈ ಬಾಗಿಲಿನಿಂದ ಚರ್ಚೆ ಆರಂಭಿಸಿ.